ವ್ಯವಹಾರದ ಮೂರನೆಯ ದಿನ

ಹರಾಜಿನ ದಿನ ಎಲ್ಲರೂ ಡೆಲ್ಮರ್‌ನ ಬಾಯಿ ನೋಡುತ್ತಾರೆ. ಅವನು ಕಟ್ಟೆಯ ಮೇಲೆ ನಿಂತು ಒಂದೇ ಉಸಿರಿಗೆ ಮೂವತ್ತು ಅಂಕಿ ಕೂಗಿ, ಸುತ್ತಿಗೆ ಬಡಿದು 'ಹೋಯ್ತು!' ಅಂದರೆ ಅವನ ಕೆಲಸ ಮುಗಿಯಿತು. ನನ್ನದು ಅಲ್ಲಿಂದ ಶುರು. ಕುರ್ಚಿ ಕೊಂಡವನು ಕುರ್ಚಿ ಹೊತ್ತುಕೊಂಡು ಹೋಗುತ್ತಾನೆ, ಟ್ರ್ಯಾಕ್ಟರ್ ಕೊಂಡವನು ಟ್ರ್ಯಾಕ್ಟರ್ ಓಡಿಸಿಕೊಂಡು ಹೋಗುತ್ತಾನೆ. ಬಂದೂಕು ಕೊಂಡವನು ಮಾತ್ರ ಹಿಂಬದಿಯ ಕೋಣೆಗೆ, ಕಂಬಿ ಹಾಕಿದ ನನ್ನ ಕಿಟಕಿಯ ಮುಂದೆ ಬಂದು ನಿಲ್ಲಬೇಕು. ಇಪ್ಪತ್ತಾರು ವರ್ಷದಿಂದ ಅಲ್ಲಿ ಕೂತಿದ್ದೇನೆ. ನಾನು ವರ್ನಾ ಟಿಬೆಟ್ಸ್. ಅರವತ್ಮೂರು ವಯಸ್ಸು, ಎಡ ಮೊಣಕಾಲಿನಲ್ಲಿ ನೋವು, ಕೊನೆಯ ಬಾರಿ ಶನಿವಾರ ಮಧ್ಯಾಹ್ನದ ಊಟ ಕೂತು ಮಾಡಿದ್ದು ಯಾವಾಗಲೋ ನೆನಪಿಲ್ಲ.

ಫಾರಂ ದೊಡ್ಡದು. ನೀವೇ ನಿಜವಾದ ಖರೀದಿದಾರರೋ, ಬೇರೆ ಯಾರಿಗೋ ಕೊಳ್ಳುತ್ತಿದ್ದೀರೋ? ಜೈಲಿಗೆ ಹೋಗಿದ್ದೀರಾ? ಹೆಂಡತಿಯನ್ನು ಹೊಡೆದ ಕೇಸಿದೆಯಾ? ನ್ಯಾಯಾಲಯ ನಿಮ್ಮನ್ನು ಆಸ್ಪತ್ರೆಗೆ ಸೇರಿಸಿತ್ತೇ? ಕೊಳ್ಳುವವನು ತನ್ನ ಕೈಯಿಂದಲೇ ಬರೆದು ರುಜು ಹಾಕಬೇಕು. ಕನ್ನಡಕ ಮರೆತು ಬಂದವನು, ಕೌಂಟಿ, ಅಂದರೆ ಜಿಲ್ಲೆಯ ಹೆಸರು ಕೇಳಿದಲ್ಲಿ 'ಕಂಟ್ರಿ' ಎಂದು ಓದಿ ದೇಶದ ಹೆಸರು ಬರೆಯುವವನು, ಒಂದು ಉತ್ತರ ತಪ್ಪಾಗಿ ಗುರುತು ಹಾಕಿ ನನ್ನ ಮೇಲೆ ರೇಗುವವನು, ಎಲ್ಲರನ್ನೂ ನೋಡಿದ್ದೇನೆ. ಆಮೇಲೆ ನಾನು ಕೇಂದ್ರ ಸರ್ಕಾರದ ಕಚೇರಿಗೆ ಫೋನ್ ಮಾಡಿ ಹೆಸರು ಹೇಳುತ್ತೇನೆ. ಅಲ್ಲಿಂದ 'ಕೊಡಬಹುದು' ಅಂದರೆ ಕೊಡುತ್ತೇನೆ.

ಪಿಸ್ತೂಲು, ರಿವಾಲ್ವರ್‌ಗಳಿಗೆ ಇನ್ನೊಂದು ಬಾಲವಿದೆ. ಒಬ್ಬನೇ ಮನುಷ್ಯ ಒಂದೇ ಸಲಕ್ಕಾಗಲಿ, ವ್ಯವಹಾರದ ಐದು ದಿನಗಳ ಒಳಗಾಗಲಿ ಅಂಥವನ್ನು ಎರಡು ಒಯ್ದರೆ, ಅವತ್ತೇ ಬಾಗಿಲು ಹಾಕುವ ಮುಂಚೆ ನಾನು ಬೇರೆ ಒಂದು ವರದಿ ತುಂಬಿ ಕಳಿಸಬೇಕು. ಒಂದು ಪ್ರತಿ ಕೇಂದ್ರಕ್ಕೆ, ಒಂದು ನಮ್ಮ ಕೌಂಟಿಯ ಪೊಲೀಸರಿಗೆ, ಅಂದರೆ ಶೆರಿಫ್ ಕಚೇರಿಗೆ, ಒಂದು ನನ್ನ ಕಡತದ ಡಬ್ಬಕ್ಕೆ. ನಮ್ಮ ಮಿಸ್ಸೌರಿ ರಾಜ್ಯದಲ್ಲಿ ಉದ್ದನೆಯ ಬೇಟೆ ಬಂದೂಕು ಹತ್ತು ಒಯ್ಯಲಿ, ಈ ವರದಿ ಇಲ್ಲ. ಕೈಯಲ್ಲಿ ಹಿಡಿಯುವಂಥದ್ದು ಎರಡಾದರೆ ಉಂಟು. ಅದಕ್ಕೆ ಕೊಂಡವನ ರುಜು ಬೇಕಿಲ್ಲ. ಅವನು ಮನೆಗೆ ಹೋದಮೇಲೆ ನಾನೊಬ್ಬಳೇ ಕೂತು ತುಂಬಿ ಕಳಿಸಿದರೂ ಆಯಿತು.

ಕಳೆದ ಅಕ್ಟೋಬರ್ ಐದರ ಶನಿವಾರ ಓರಿನ್ ಹ್ಯಾಸ್ಕೆಲ್ ನಾಲ್ಕು ಕೊಂಡರು. ಊರಿಗೆಲ್ಲ ಅವರು ಅಂಚೆ ಓರಿನ್. ಮೂವತ್ತೊಂದು ವರ್ಷ ಹಳ್ಳಿ ದಾರಿಗಳಲ್ಲಿ ಕಾಗದ ಹಂಚಿದವರು, ಈಗ ಎಪ್ಪತ್ತೆಂಟು. ಫೆಬ್ರವರಿಯಲ್ಲಿ ಅವರ ಹೆಂಡತಿ ಆರ್ಡಿಸ್ ತೀರಿಕೊಂಡಳು. ಅವರು ಅವತ್ತು ಕೂಗಿ ಕೂಗಿ ಕೊಂಡದ್ದು ಬೇರೆ ಯಾರದ್ದನ್ನೂ ಅಲ್ಲ, ತಮ್ಮದೇ ನಾಲ್ಕು ಪಿಸ್ತೂಲುಗಳನ್ನು.

ಅದು ನನಗೆ ಗೊತ್ತಿತ್ತು, ಯಾಕೆಂದರೆ ಆಗಸ್ಟ್‌ನಲ್ಲಿ ಅವನ್ನು ನನ್ನ ಕಿಟಕಿಗೆ ತಂದುಕೊಟ್ಟವಳು ಅವರ ಮಗಳು ಮಾರ್ಲಾ. ಶೆರಿಫ್ ಕಚೇರಿಯಲ್ಲಿ ಗುಮಾಸ್ತೆ. ಒಂದು ಹಳೇ ಹೊದಿಕೆಯಲ್ಲಿ ಸುತ್ತಿ ತಂದಿದ್ದಳು.

"ಅಪ್ಪ ನನಗೇ ಕೊಟ್ಬಿಟ್ರು, ವರ್ನಾ ಆಂಟಿ. ಕೊಟ್ರು ಅಂದ್ರೆ, ನಾನು ಕೇಳಿದ್ದಕ್ಕೆ ಕೊಟ್ರು. ಮನೇಲಿ ಒಬ್ರೇ ಇರ್ತಾರೆ. ಪರದೆ ತೆಗೆಯಲ್ಲ, ಊಟ ಸರಿಯಾಗಿ ಮಾಡಲ್ಲ. ಇವು ಅಲ್ಲಿರೋದು ನನಗೆ ಸರಿ ಕಾಣ್ಲಿಲ್ಲ. ಮಾರ್ಬಿಡಿ."

"ಅವರಿಗೆ ಬೇಜಾರಾಗ್ಲಿಲ್ವಾ?"

"ಆಯ್ತು. ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ ಅಂದ್ರು." ಅಷ್ಟು ಹೇಳಿ ಅವಳು ತಲೆ ತಗ್ಗಿಸಿ ರಸೀದಿಗೆ ರುಜು ಹಾಕಿದಳು. ಅಂದಿನಿಂದ ಅಪ್ಪ ಮಗಳಿಗೆ ಮಾತಿಲ್ಲ ಎಂಬುದು ಊರಿಗೇ ಗೊತ್ತಾಯಿತು.

ನಾಲ್ಕಕ್ಕೂ ಓರಿನ್ ಕೈ ಎತ್ತಿದಾಗ ಡೆಲ್ಮರ್ ಕಟ್ಟೆಯ ಮೇಲಿಂದಲೇ ಕಿಚಾಯಿಸಿದ. "ಏನ್ರೀ ಓರಿನ್, ಪಿಂಚಣಿ ಜಾಸ್ತಿ ಆಯ್ತಾ? ಯಾರ ಮೇಲೆ ಯುದ್ಧ?" ಜನ ನಕ್ಕರು. ಓರಿನ್ ನಗಲಿಲ್ಲ. ಇನ್ನೊಂದನ್ನೂ ಗಮನಿಸಿದೆ. ಚರ್ಚಿನ ಹೆಂಗಸರು ಬಾಗಿಲ ಹತ್ತಿರ ಮೇಜು ಹಾಕಿ ಹಣ್ಣು ತುಂಬಿ ಬೇಯಿಸಿದ ಪೈ ಮಾರುತ್ತಾರೆ. ಓರಿನ್ ಅಂದರೆ ಎರಡು ತುಂಡು ಸೇಬಿನ ಪೈ, ಜೊತೆಗೆ ಕಪ್ಪು ಕಾಫಿ, ಅದು ಊರಿನ ಲೆಕ್ಕ. ಅವತ್ತು ಅವರು ಆ ಮೇಜಿನ ಕಡೆ ತಿರುಗಿಯೂ ನೋಡಲಿಲ್ಲ.

ಕಿಟಕಿಗೆ ಬಂದಾಗ ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದರು.

"ನಾಲ್ಕೂ ಒಟ್ಟಿಗೆ ಒಯ್ದರೆ ಆ ಇನ್ನೊಂದು ಕಾಗದ ಹೋಗುತ್ತಲ್ವಾ, ವರ್ನಾ? ಶೆರಿಫ್ ಆಫೀಸಿಗೆ?"

"ಹೋಗುತ್ತೆ."

"ಅಲ್ಲಿ ಅದನ್ನ ನೋಡೋದು ಯಾರು?"

ಯಾರೆಂದು ಇಬ್ಬರಿಗೂ ಗೊತ್ತಿತ್ತು. ನಾನು ಪೆನ್ನು ಮುಂದಿಟ್ಟೆ.

"ಹಾಗಾದ್ರೆ ಒಂದೇ ಕೊಡು. ಮಿಕ್ಕಿದ್ದು ನಿನ್ನ ಹತ್ರ ಇರಲಿ. ಒಂದೊಂದಾಗಿ ಒಯ್ತೀನಿ."

"ಓರಿನ್, ಸರಿಯಾಗಿ ಕೇಳಿಸ್ಕೊಳ್ಳಿ. ಐದು ದಿನ ಅಂದ್ರೆ ಸೋಮವಾರದಿಂದ ಶುಕ್ರವಾರ ಅಲ್ಲ. ನಮ್ಮ ಈ ಕಿಟಕಿ ತೆಗೆದಿರೋ ಐದು ದಿನ. ನಾವು ತೆಗೆಯೋದೇ ಬುಧವಾರ, ಶನಿವಾರ." ನಾನು ಗೋಡೆಯ ಫಲಕ ತೋರಿಸಿದೆ. ಅವರು ಅದನ್ನೊಮ್ಮೆ ನೋಡಿ ತಲೆ ಆಡಿಸಿದರು. ಅವರ ಬಲಗಿವಿ ಮಂದ. ಕೇಳಿಸಿತೋ ಇಲ್ಲವೋ ನನಗೆ ಖಾತ್ರಿಯಾಗಲಿಲ್ಲ. ನಮ್ಮ ಕಡೆ ಅರ್ಧ ಗಂಡಸರು ಇಲ್ಲೇ ತಪ್ಪುತ್ತಾರೆ. ವಾರವೆಲ್ಲ ತೆರೆದಿರುವ ಪೇಟೆಯ ಅಂಗಡಿಯ ಲೆಕ್ಕ ಹಿಡಿದು, ವಾರ ಕಳೆಯಿತು, ಇನ್ನು ಸಲೀಸು ಅಂತ ಬಂದು ನಿಲ್ಲುತ್ತಾರೆ.

"ಇನ್ನೊಂದು ಮಾತು," ಎಂದರು. "ಮಾರ್ಲಾಗೆ ಹೇಳಬೇಡ."

"ನಾನ್ಯಾಕೆ ಹೇಳ್ಲಿ?"

"ಮಾತು ಕೊಡು."

ಅವರ ಬೆನ್ನ ಹಿಂದೆ ಹದಿನೆಂಟು ಜನ ಸಾಲು ನಿಂತಿದ್ದರು. ನನ್ನ ಮೊಣಕಾಲು ಸಿಡಿಯುತ್ತಿತ್ತು. ಕೊಟ್ಟೆ, ಅಂದೆ. ದಣಿದವರು ಹೀಗೇ ಮಾತು ಕೊಡುತ್ತಾರೆ. ಅವರು ಆರ್ಡಿಸ್ ಕೋಳಿಗೂಡಿನ ಹಾವುಗಳಿಗೆಂದು ಇಟ್ಟುಕೊಂಡಿದ್ದ ಸಣ್ಣ ರಿವಾಲ್ವರ್ ಆರಿಸಿಕೊಂಡರು. ಎಲ್ಲ ಪ್ರಶ್ನೆಗೂ ಸರಿಯಾಗಿ ಉತ್ತರ ಬರೆದರು, ಅಂಚೆಯವರ ದುಂಡಗಿನ ಅಕ್ಷರ. ಫೋನಿನಲ್ಲಿ 'ಕೊಡಬಹುದು' ಅಂದರು. ಕೊಟ್ಟೆ.

ಆ ವಾರ ನನಗೆ ನೆಮ್ಮದಿ ಇರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಒಬ್ಬ ಮನುಷ್ಯ ಇದೇ ಕಿಟಕಿಯಲ್ಲಿ ಒಂದೇ ಒಂದು ಪಿಸ್ತೂಲು ಕೊಂಡಿದ್ದ. ಸೌಮ್ಯ ಮನುಷ್ಯ, ಫಾರಂನಲ್ಲಿ ಒಂದು ಚುಕ್ಕೆ ತಪ್ಪಿರಲಿಲ್ಲ. ಹೋಗುವಾಗ ನನಗೆ ಎರಡು ಸಲ ಥ್ಯಾಂಕ್ಸ್ ಹೇಳಿದ. ಮಂಗಳವಾರ ಪತ್ರಿಕೆಯಲ್ಲಿ ಅವನ ಸಾವಿನ ಸುದ್ದಿ ಬಂತು. ಆಮೇಲೆ ಬಂದ ಅಧಿಕಾರಿ ನನ್ನ ಕಾಗದ ನೋಡಿ, 'ನಿಮ್ಮದೇನೂ ತಪ್ಪಿಲ್ಲಮ್ಮ, ಎಲ್ಲ ಸರಿಯಾಗಿದೆ' ಎಂದ. ಆ ಫಾರಂ ಈಗಲೂ ನನ್ನ ಡಬ್ಬದಲ್ಲಿದೆ, ಎಸೆಯುವ ಹಾಗಿಲ್ಲ. ಎಲ್ಲ ಸರಿಯಾಗಿದೆ ಎಂಬ ಮಾತು ಕೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಇಷ್ಟುದ್ದ ಫಾರಂನಲ್ಲಿ, ನೀವು ಹೇಗಿದ್ದೀರಿ ಎಂದು ಕೇಳುವ ಒಂದು ಸಾಲಿಲ್ಲ.

ಮಾರ್ಲಾಗೆ ಫೋನ್ ಮಾಡೋಣ ಎಂದು ಎರಡು ಸಲ ಹೊರಟೆ. ಮಾತು ಕೊಟ್ಟಿದ್ದೆನಲ್ಲ. ನಮ್ಮ ಊರಿನಲ್ಲಿ ಹರಾಜಿನ ಗುಮಾಸ್ತೆಯ ಬಾಯಿ ಸಡಿಲ ಎಂದಾದರೆ ನಾಳೆಯಿಂದ ಯಾರೂ ಈ ಬಾಗಿಲಿಗೆ ಬರುವುದಿಲ್ಲ. ಓರಿನ್ ಮನೆಗೇ ಹೋದೆ, ಗುರುವಾರ, ಕುಂಬಳಕಾಯಿ ಬ್ರೆಡ್ ಮಾಡಿಕೊಂಡು. ಪರದೆ ಮುಚ್ಚಿತ್ತು, ಗಾಡಿ ಅಂಗಳದಲ್ಲೇ ಇತ್ತು. ಬಾಗಿಲು ಬಡಿದೆ, ಕೂಗಿದೆ. ಒಳಗಿನಿಂದ "ಇದೀನಿ, ಇದೀನಿ, ಮಲಗಿದೀನಿ" ಎಂಬ ದನಿ ಬಂತು. ಬಾಗಿಲು ತೆರೆಯಲಿಲ್ಲ. ಬ್ರೆಡ್ ಮೆಟ್ಟಿಲ ಮೇಲಿಟ್ಟು ಬಂದೆ.

ಆ ವಾರದ ಶನಿವಾರ, ಅಕ್ಟೋಬರ್ ಹನ್ನೆರಡು, ಬಾಗಿಲು ತೆಗೆದು ಹತ್ತು ನಿಮಿಷಕ್ಕೆ ಓರಿನ್ ಬಂದರು. ಕೈಯಲ್ಲಿ ಕೆಲಸದ ದಿನಗಳ ಹಳೇ ತಗಡಿನ ಊಟದ ಡಬ್ಬಿ. ಕೆನ್ನೆ ಇನ್ನಷ್ಟು ಇಳಿದಿತ್ತು.

"ಎರಡನೇದು ಕೊಡು ವರ್ನಾ," ಎಂದರು.

ನಾನು ಮನಸ್ಸಿನಲ್ಲೇ ಎಣಿಸಿದೆ. ಹೋದ ಶನಿವಾರ ಒಂದು. ಬುಧವಾರ ಎರಡು. ಇವತ್ತು ಮೂರು. ಐದಾಗಿಲ್ಲ. ಪಾಪ, ಅವರೂ ಎಲ್ಲರ ಹಾಗೆ ಪೇಟೆ ಅಂಗಡಿಯ ಲೆಕ್ಕ ಹಿಡಿದು ಬಂದಿದ್ದಾರೆ. ಇವತ್ತು ಎರಡನೆಯದನ್ನು ಒಯ್ದರೆ ವರದಿ ಹೋಗಲೇಬೇಕು. ಹೋದರೆ ಅದು ಬೀಳುವುದು ಮಾರ್ಲಾಳ ಮೇಜಿನ ಮೇಲೆ. ನಾನು ಬಾಯಿ ಬಿಡಬೇಕಾಗಿಯೇ ಇಲ್ಲ. ಕೊಟ್ಟ ಮಾತೂ ಉಳಿಯುತ್ತದೆ, ಕಾನೂನೂ ನಡೆಯುತ್ತದೆ.

ಆದರೆ ಅದರ ಇನ್ನೊಂದು ಮಗ್ಗುಲು ನೋಡಿ. ವರದಿ ಹೋಗಬೇಕೆಂದರೆ ನಾನು ಎರಡನೆಯ ಪಿಸ್ತೂಲನ್ನು ಅವರ ಕೈಗೆ ಕೊಡಬೇಕು. ಕೊಡುವುದಿಲ್ಲ ಎನ್ನುವ ಹಕ್ಕು ನನಗಿದೆ, ಯಾರಿಗೆ ಬೇಕಾದರೂ ಎನ್ನಬಹುದು. ಅಂದರೆ ಅವರು ಮನೆಗೆ ಹೋಗುತ್ತಾರೆ, ಮೊದಲನೆಯದು ಅಲ್ಲೇ ಇದೆ, ಯಾವ ಕಾಗದವೂ ಎಲ್ಲಿಗೂ ಹೋಗುವುದಿಲ್ಲ. ಈ ನಿಯಮ ಬರೆದವರು ಒಂದು ಸಲ ಬಂದು ಈ ಕುರ್ಚಿಯಲ್ಲಿ ಕೂರಬೇಕಿತ್ತು ಅನ್ನಿಸಿತು. ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು ಬಂತು.

"ಓರಿನ್, ಬ್ರೆಡ್ ತಿಂದ್ರಾ?"

"ಯಾವ ಬ್ರೆಡ್?"

"ಮೆಟ್ಟಿಲ ಮೇಲೆ ಇಟ್ಟಿದ್ನಲ್ಲ."

"ಓ, ಅದಾ? ಪಕ್ಕದ ಮನೆ ನಾಯಿ ತಿಂತು." ತುಟಿಯ ಒಂದು ಕೊನೆ ಸ್ವಲ್ಪ ಮೇಲೆದ್ದು ಇಳಿಯಿತು. "ಅದಕ್ಕೆ ಇಷ್ಟ ಆಯ್ತು."

ಅವರು ಹೊಸ ಫಾರಂ ಬರೆಯತೊಡಗಿದರು, ಪ್ರತಿ ಸಲಕ್ಕೂ ಹೊಸದೇ ಬೇಕು. ನಾನು ಮುಖ ನೋಡುತ್ತಾ ನಿಂತೆ. ತಾರೀಖಿನ ಸಾಲಿನಲ್ಲಿ ಅವರ ಪೆನ್ನು ನಿಂತು, ಗೋಡೆಯ ಫಲಕದ ಕಡೆ ಒಂದು ಸಲ ಕಣ್ಣು ಹೋಗಿ, ಮತ್ತೆ ಬರೆಯಿತು. ಫೋನ್ ಮಾಡಿದೆ. ಈ ಒಂದು ದಿನವಾದರೂ 'ತಡೆಯಿರಿ' ಎನ್ನಲಿ ಎಂದು ಬೇಡಿಕೊಂಡೆ. ಆ ಕಡೆಯ ಹುಡುಗಿ ಆಕಳಿಸುತ್ತಾ 'ಕೊಡಬಹುದು' ಎಂದಳು.

ಕಪಾಟಿನಿಂದ ಅವರ ಅಪ್ಪನ ಕಾಲದ ಉದ್ದ ನಳಿಗೆಯ ರಿವಾಲ್ವರ್ ತೆಗೆದು, ಖಾಲಿ ಇದೆಯೆಂದು ತೋರಿಸಿ, ಸಂಖ್ಯೆ ಓದಿ ಹೇಳಿದೆ. ಕಿಟಕಿಯ ಕೆಳಗಿನ ಸಂದಿಯಿಂದ ಅರ್ಧ ತಳ್ಳಿದವಳು ಬಿಡಲೇ ಇಲ್ಲ, ಹಿಡಿದುಕೊಂಡೇ ಇದ್ದೆ.

"ಬಿಡು ವರ್ನಾ."

"ಆಗ್ತಿಲ್ಲ ಓರಿನ್."

"ನಾನು ಒಯ್ಯಲ್ಲ. ಬಿಡು. ಒಂದು ಸಲ ನನ್ನ ಕೈಗೆ ಬಂದು ಹೋಗ್ಲಿ, ಇಲ್ಲಾಂದ್ರೆ ಲೆಕ್ಕಕ್ಕೆ ಬರಲ್ಲ."

ಅರ್ಥವಾಗದೆ ಬಿಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಪಕ್ಕಕ್ಕಿಟ್ಟರು. ಆಮೇಲೆ ಊಟದ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಮಡಿಸಿದ ಅಡುಗೆಮನೆ ಬಟ್ಟೆ, ಅದರ ಮೇಲೆ ಆರ್ಡಿಸ್‌ಳ ಸಣ್ಣ ರಿವಾಲ್ವರ್. ಎರಡನ್ನೂ ಸಂದಿಯಿಂದ ನನ್ನ ಕಡೆಗೆ ತಳ್ಳಿದರು.

"ಇವೆರಡನ್ನೂ ನೀನೇ ಇಟ್ಕೊ. ಈಗ ಆ ಇನ್ನೊಂದು ಕಾಗದ ತುಂಬು."

"ಯಾವ ಕಾಗದ?" ನನ್ನ ದನಿಯೇ ನನಗೆ ಕಳ್ಳ ದನಿಯಾಗಿ ಕೇಳಿಸಿತು.

"ನಾಟಕ ಆಡಬೇಡ. ಹೋದ ಶನಿವಾರ ಒಂದು, ಬುಧವಾರ ಎರಡು, ಇವತ್ತು ಮೂರು. ಇಪ್ಪತ್ತಮೂರನೇ ತಾರೀಖು ಬುಧವಾರ ಬಂದಿದ್ರೆ ಆ ಕಾಗದ ಹೋಗ್ತಿರಲಿಲ್ಲ. ಅಲ್ವಾ? ತಾರೀಖು ನೋಡಿ ಕಾಗದ ಹಂಚಿದವನಿಗೆ ಐದು ಎಣಿಸೋಕೆ ಬರಲ್ವಾ?"

ಇಷ್ಟು ಹೊತ್ತು ನಾನು ಅವರಿಗೆ ಮೋಸ ಮಾಡುತ್ತಿದ್ದೇನೆಂದು ಒದ್ದಾಡಿದ್ದೆ. ಅವರು ನನಗಿಂತ ಮುಂಚೆ ಎಣಿಸಿಕೊಂಡೇ ಬಂದಿದ್ದರು.

"ಮಗು ಕೈಯಿಂದ ಚಾಕು ಕಿತ್ಕೊಳ್ಳೋ ಹಾಗೆ ಕಿತ್ಕೊಂಡ್ಲು ಅಂತ ಸಿಟ್ಟಿತ್ತು," ಎಂದರು ಓರಿನ್. ಕಣ್ಣು ನನ್ನ ಮೇಲಿರಲಿಲ್ಲ, ಕಂಬಿಯ ಮೇಲಿತ್ತು. "ಅದಕ್ಕೇ ವಾಪಸ್ ಕೊಂಡೆ. ಮನೆಗೆ ಒಯ್ದು ಅಡುಗೆಮನೆ ಮೇಜಿನ ಮೇಲಿಟ್ಟೆ. ಎದುರಿಗೆ ಕೂತೆ. ಆಮೇಲೆ ಗೊತ್ತಾಯ್ತು, ಅವಳು ಕಿತ್ಕೊಂಡಿದ್ದು ಸರಿಯಾಗೇ ಇತ್ತು ಅಂತ. ಗುರುವಾರ ನೀನು ಬಾಗಿಲು ಬಡಿದಾಗ ನಾನು ಅಲ್ಲೇ ಕೂತಿದ್ದೆ. ಮಲಗಿರಲಿಲ್ಲ."

ನಾನು ಕಂಬಿ ಹಿಡಿದುಕೊಂಡೆ. ನಾನು ಬ್ರೆಡ್ ಇಟ್ಟು ಹಿಂದಿರುಗಿದ ಮೆಟ್ಟಿಲು ಕಣ್ಣಿಗೆ ಬಂತು.

"ಮಾರ್ಲಾಗೆ ಫೋನ್ ಮಾಡಬಹುದಿತ್ತಲ್ಲ, ಓರಿನ್!"

"ಎಷ್ಟು ಸಲ ಫೋನ್ ಕೈಗೆ ತಗೊಂಡೆ. ಏನಂತ ಹೇಳ್ಲಿ? ಮೆಟ್ಟಿಲು ಹತ್ತಬೇಡ ಅಂದವನು ನಾನೇ. ನಿನ್ನ ಹತ್ರ ಮಾತು ತಗೊಂಡವನೂ ನಾನೇ. ಅದನ್ನ ವಾಪಸ್ ಕೇಳೋಕೆ ನಾಚಿಕೆ ಆಯ್ತು." ಅವರು ಡಬ್ಬಿಯ ಮುಚ್ಚಳ ಹಾಕಿದರು. "ಮೂವತ್ತೊಂದು ವರ್ಷ ಊರಿನವರ ಕಾಗದ ಎಲ್ಲ ಮುಟ್ಟಿಸಿದೀನಿ. ನನ್ನದು ಒಂದು ನೀನು ಮುಟ್ಟಿಸು."

ವರದಿ ತುಂಬಲು ಕೂತೆ. ಒಂದೇ ಹಾಳೆ. ಕೊಂಡವರ ಹೆಸರು, ವಿಳಾಸ, ಹುಟ್ಟಿದ ತಾರೀಖು, ಎರಡೂ ರಿವಾಲ್ವರ್‌ಗಳ ಸಂಖ್ಯೆ, ಒಯ್ದ ದಿನಗಳು. ಅಂಥ ಹಾಳೆ ನಾನು ಸಾವಿರ ತುಂಬಿರಬೇಕು. ಇಷ್ಟು ನಿಧಾನವಾಗಿ, ಇಷ್ಟು ಸ್ಪಷ್ಟ ಅಕ್ಷರದಲ್ಲಿ ಒಂದನ್ನೂ ತುಂಬಿರಲಿಲ್ಲ. ಕೇಂದ್ರಕ್ಕೆ ಮೊದಲು ಕಳಿಸಬೇಕು, ರೂಢಿ ಹಾಗೆ. ಅವತ್ತು ಶೆರಿಫ್ ಕಚೇರಿಯ ಫ್ಯಾಕ್ಸ್ ನಂಬರನ್ನೇ ಮೊದಲು ಒತ್ತಿದೆ. ಶನಿವಾರ ಮಾರ್ಲಾಳ ಪಾಳಿ ಇರುತ್ತದೆಂದು ನನಗೆ ಗೊತ್ತಿತ್ತು, ಓರಿನ್‌ಗೂ ಗೊತ್ತಿತ್ತು. ಯಂತ್ರ ಗೊರಗೊರ ಎಂದು ಹಾಳೆಯನ್ನು ಎಳೆದುಕೊಂಡಿತು.

ಓರಿನ್ ಕಿಟಕಿಯ ಎದುರಿನ ಬೆಂಚಿನಲ್ಲಿ ಕೂತರು. ನಾನು ಕಿಟಕಿಗೆ ಬಾಗಿಲು ಹಾಕಿ, 'ಸ್ವಲ್ಪ ಹೊತ್ತಿನಲ್ಲಿ ತೆರೆಯುತ್ತೇವೆ' ಎಂಬ ಹಲಗೆ ತಗುಲಿಸಿ, ಹೊರಗೆ ಹೋಗಿ ಅವರ ಪಕ್ಕ ಕೂತೆ. ಡೆಲ್ಮರ್ ಇಣುಕಿ, "ಏನಮ್ಮಾ ವರ್ನಾ, ಸಂಬಳ ತಗೊಂಡು ಬೆಂಚು ಬಿಸಿ ಮಾಡ್ತಿದೀಯಾ?" ಎಂದ. ನನ್ನ ಮುಖ ನೋಡಿದವನೇ ಎರಡು ಲೋಟ ಕಾಫಿ ತಂದಿಟ್ಟು ಹೋದ.

ಹದಿನೈದು ನಿಮಿಷವೂ ಆಗಿರಲಿಲ್ಲ, ಹೊರಗೆ ಜಲ್ಲಿಯ ಮೇಲೆ ಕಾರು ಬಂದು ನಿಂತ ಸದ್ದಾಯಿತು. ಮಾರ್ಲಾ ಕಚೇರಿಯ ಕೋಟಿನಲ್ಲೇ ಓಡಿ ಬಂದಳು. ಕೈಯಲ್ಲಿ ನನ್ನ ಹಾಳೆ, ಮುದುಡಿ ಹೋಗಿತ್ತು. ಅಪ್ಪನನ್ನು ಬೆಂಚಿನ ಮೇಲೆ ಕಂಡದ್ದೇ ಬಾಗಿಲಲ್ಲಿ ನಿಂತುಬಿಟ್ಟಳು. ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ. ಅವಳು ಆ ಹಾಳೆಯನ್ನು ಸಣ್ಣಗೆ ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡು, ಅವರ ಮುಂದೆ ಮೊಣಕಾಲೂರಿ, ಮನೆ ತಪ್ಪಿದ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕತೊಡಗಿದಳು. ಅವತ್ತೂ ಅವರು ತಪ್ಪಾಗಿಯೇ ಹಾಕಿಕೊಂಡಿದ್ದರು, ನಾನು ನೋಡಿರಲಿಲ್ಲ.

"ಊಟ ಆಯ್ತಾ ಅಪ್ಪಾ?"

"ಇಲ್ಲ," ಎಂದರು ಓರಿನ್. ಆಮೇಲೆ ನನ್ನ ಕಡೆ ತಿರುಗಿ, "ಬ್ರೆಡ್ ನಾಯಿ ತಿಂತು ಅಂದಿದ್ದು ಸುಳ್ಳು, ವರ್ನಾ. ಒಂದು ತುಂಡು ನಾನೇ ತಿಂದೆ. ಅವತ್ತು ತಿಂದಿದ್ದು ಅದೊಂದೇ," ಎಂದರು.

ಅವರಿಬ್ಬರೂ ಮಾರ್ಲಾಳ ಕಾರಿನಲ್ಲಿ ಹೋದರು. ಓರಿನ್‌ರ ಗಾಡಿ ಭಾನುವಾರವೂ ನಮ್ಮ ಅಂಗಳದಲ್ಲೇ ನಿಂತಿತ್ತು. ನಾನು ಮತ್ತೆ ಒಳಗೆ ಹೋಗಿ, ಆ ಎರಡು ರಿವಾಲ್ವರ್‌ಗಳು ಮತ್ತೆ ನಮ್ಮಲ್ಲಿಗೆ ಬಂದವೆಂದು ದಾಖಲೆ ಪುಸ್ತಕದಲ್ಲಿ ಬರೆದೆ. ಯಾರಿಂದ ಬಂತು ಎಂಬ ಅಂಕಣದಲ್ಲಿ ಅವರ ಹೆಸರು ಬರೆಯುವಾಗ ಕಣ್ಣು ಮಂಜಾಗಿ ಒಂದು ಅಕ್ಷರ ತಪ್ಪಿತು. ನಿಯಮದ ಪ್ರಕಾರ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾಗಿ ಬರೆದು, ಚಿಕ್ಕ ರುಜು ಮತ್ತು ತಾರೀಖು ಹಾಕಿ, ಕೇಂದ್ರದ ಪ್ರತಿಯನ್ನು ಕಳಿಸಿ, ಹಲಗೆ ತೆಗೆದು ಕಿಟಕಿ ತೆರೆದೆ.